ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು

"ತಮಾ, ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಕೂಡಿಸ್ದ್ರೆ ಮುಗೀತಲ್ಲ? ಅದ್ಕೆ ಕಾರವಾರದಿಂದ ಮತ್ತೊಬ್ಬವ ಎಂತಕ್ಕೆ ಬರ್ಬೇಕು?"

ಪಕ್ಕದ ಮನೆಯ ಮಾಸ್ತರು ದಣಪೆಯ ಮೇಲೆ ಕೈಯೂರಿ ಹೀಗೆ ಶುರುಮಾಡಿದರೆಂದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟು ಹೋಗುವ ಜನ ಅವರಲ್ಲ, ಉತ್ತರ ಕೊಡುವವನನ್ನೂ ಬಿಡುವುದಿಲ್ಲ. ಗೋವಾದಲ್ಲಿ ಕೆಲಸಕ್ಕಿರುವ ಅವರ ಮಗ, ಮಳೆಗಾಲದಲ್ಲಿ ಅಪ್ಪ ಅಮ್ಮ ಕತ್ತಲೆಯಲ್ಲಿ ಕೂರಬಾರದೆಂದು ಇನ್ನೊಂದು ಲೀಥಿಯಂ ಬ್ಯಾಟರಿ ಕೊಡಿಸುತ್ತೇನೆ ಅಂದಿದ್ದಾನೆ. ಮನೆಯಲ್ಲಿ 12 ವೋಲ್ಟಿನ, 100 ಆಂಪಿಯರ್-ಅವರ್‌ನ ಒಂದು ಲೀಥಿಯಂ ಈಗಾಗಲೇ ಇದೆ. ಮಾಡಿನ ಮೇಲೆ 540 ವ್ಯಾಟಿನ ಒಂದು ಪ್ಯಾನೆಲ್ ಇದೆ. ಜಗಲಿಯ ಮೂಲೆಯಲ್ಲಿ ಡಿಸ್ಟಿಲ್ಡ್ ವಾಟರ್ ಕುಡಿದು ಕುಡಿದು ಹಳತಾದ ಟ್ಯೂಬುಲರ್ ಬ್ಯಾಟರಿಯೂ ಉಂಟು. ಮೂರು ಬ್ಯಾಟರಿಗಳನ್ನೂ ಸಾಲಾಗಿಟ್ಟು ತಂತಿ ಕಟ್ಟಿಬಿಟ್ಟರೆ ಜೂನ್ ತಿಂಗಳನ್ನು ಹೆದರದೆ ಎದುರಿಸಬಹುದು ಎಂಬುದು ಅವರ ಯೋಚನೆ.

"ಕೂಡಿಸೂದು ಹಾಗೇ ಮಾಸ್ತರ್ರೇ, ಅದರಲ್ಲಿ ತಪ್ಪಿಲ್ಲ" ಅಂದೆ. "ಆದ್ರೆ ಕೂಡಿಸೂಕಿಂತ ಮುಂಚೆ ಮಾಡೋ ಕೆಲಸವೇ ದೊಡ್ಡದು. ಆ ಕೆಲಸ ಯಾರ ಕಣ್ಣಿಗೂ ಬೀಳೂದಿಲ್ಲ."

ಅದನ್ನು ಹೇಳುವ ಮೊದಲು ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಮನೆಮನೆಗೆ ಬ್ಯಾಟರಿ ಬೇಕಾಗಿದೆ ಎಂದರೆ ಘಟ್ಟದ ಮೇಲಿನವರಿಗೆ ಆಶ್ಚರ್ಯ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣುಘಟಕಗಳಿವೆ. ಅಲ್ಲಿಯ ಮೊದಲ ಘಟಕ 2018ರ ಕೊನೆಯ ದಿನದ ತನಕ 962 ದಿನ ಒಂದೇ ಸಮನೆ ಓಡಿ ಜಗತ್ತಿನ ದಾಖಲೆ ಮಾಡಿತು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲು, ನಡುವೆ ನಾಗಝರಿಯ ವಿದ್ಯುದಾಗಾರ. ಇಷ್ಟಿದ್ದೂ ಇಲ್ಲಿ ಹುಟ್ಟಿದ ಕರೆಂಟು ದೊಡ್ಡ ಗೋಪುರಗಳ ಮೇಲೆ ಘಟ್ಟ ಹತ್ತುತ್ತದೆ. ನಮ್ಮ ಮನೆಗೆ ಬರುವುದು ಹೆಸ್ಕಾಂನ 11 ಕೆ.ವಿ. ತಂತಿಯಲ್ಲಿ, ಗೇರು, ಮಾವು, ಹಲಸಿನ ಕೊಂಬೆಗಳ ಮಧ್ಯೆ ನುಸುಳಿಕೊಂಡು. ಒಂದು ಕೊಂಬೆ ಮುರಿದರೆ ಊರಿಗೆ ಊರೇ ಕತ್ತಲೆ. ಸುರಿಯುವ ಮಳೆಯಲ್ಲಿ ಟಾರ್ಚು ಹಿಡಿದು, ಗದ್ದೆಯ ಹಾಳಿಯ ಮೇಲೆ ಜಾರುತ್ತ ಕಂಬ ಹುಡುಕಿ ಹೋಗುವ ಲೈನ್‌ಮನ್‌ಗಳನ್ನು ಕಂಡಿರುವ ನಮಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ, 2021ರ ಮೇ ತಿಂಗಳಲ್ಲಿ ತೌಕ್ತೆ, ಅದೇ ವರ್ಷ ಜುಲೈನಲ್ಲಿ ಗಂಗಾವಳಿಯ ನೆರೆ. ಮತ್ತೆ 2024ರ ಜುಲೈ 16ರಂದು ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ ಹೊಳೆಗಿಳಿಯಿತು. ಆ ದಿನಗಳಲ್ಲಿ ಅಂಕೋಲೆಯ ಯಾವ ಮನೆಯಲ್ಲೂ ಫೋನು ಕೆಳಗಿಟ್ಟವರಿಲ್ಲ. ತಮ್ಮವರು ಎಲ್ಲಿದ್ದಾರೆ ಎಂದು ವಿಚಾರಿಸುವುದಕ್ಕೆ ಅದೊಂದೇ ದಾರಿ. ಮನೆಯಲ್ಲೊಂದು ಬ್ಯಾಟರಿ ಇರಲಿ ಎಂದು ಮಗ ಆಸೆಪಟ್ಟರೆ ಅದು ಶೋಕಿಗಲ್ಲ.

"ಹಂಗಾರೆ ಸರ್ಕಾರದ ಸೂರ್ಯಘರ್ ಹಾಕ್ಸಿಬಿಡ್ಲಾ? ಸಬ್ಸಿಡಿ ಕೊಡ್ತಾರಂತಲ್ಲ" ಎಂದು ಮಾಸ್ತರ ಹೆಂಡತಿ ಅಕ್ಕೋರು ಒಳಗಿನಿಂದಲೇ ಕೇಳಿದರು. ಅವರೂ ಶಾಲೆಯಲ್ಲಿ ಕಲಿಸಿದವರೇ.

ಕೊಡುತ್ತಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ಇದೆ. ಆದರೆ ಜನ ಮೋಸಹೋಗುವ ಜಾಗವೂ ಇದೇ. ಆ ಯೋಜನೆಯಲ್ಲಿ ಸಾಮಾನ್ಯವಾಗಿ ಹಾಕುವುದು ಗ್ರಿಡ್‌ಗೆ ಕೂಡಿಸಿದ, ಬ್ಯಾಟರಿ ಇಲ್ಲದ ವ್ಯವಸ್ಥೆ. ಕಂಬದ ಕರೆಂಟು ಹೋದ ಕ್ಷಣವೇ ಆ ಇನ್ವರ್ಟರು ತಾನೂ ಬಂದಾಗಬೇಕು. ಬಂದಾಗದಿದ್ದರೆ ನಿಮ್ಮ ಮಾಡಿನ ಕರೆಂಟು ಹಿಂದಕ್ಕೆ ತಂತಿಗೆ ಹರಿದು, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದವನ ಜೀವ ತೆಗೆಯುತ್ತದೆ. ಹಾಗಾಗಿ ಸುಡುವ ಬಿಸಿಲಲ್ಲೂ, ಮಾಡಿನ ತುಂಬ ಪ್ಯಾನೆಲ್ ಇದ್ದೂ, ಕರೆಂಟು ಹೋದರೆ ಮನೆಯ ಫ್ಯಾನು ನಿಲ್ಲುತ್ತದೆ. ಬಿಲ್ಲು ಇಳಿಸುವುದಕ್ಕೆ ಅದು ಒಳ್ಳೆಯದು. ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನೊಳಗೇ ಇರುವ ಇಬ್ಬರ ಸಂಸಾರಕ್ಕೆ ಬಿಲ್ಲಿನ ಚಿಂತೆ ಎಲ್ಲಿದೆ? ಅವರಿಗೆ ಬೇಕಾದ್ದು ಕತ್ತಲೆಯ ಹೊತ್ತಿಗೆ ಬೆಳಕು. ಅದಕ್ಕೆ ಕೂಡಿಡುವ ಪಾತ್ರೆ ಬೇಕು, ಎಂದರೆ ಬ್ಯಾಟರಿ.

ಮಾಸ್ತರು ಬೇಲಿಯ ದಾಸವಾಳದ ಒಂದು ಕಡ್ಡಿ ಮುರಿದು ನೆಲದ ಮೇಲೆ ಲೆಕ್ಕ ಹಾಕತೊಡಗಿದರು. ನಾನು ಹೇಳುತ್ತಹೋದೆ. 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನು ರಾತ್ರಿ 10 ಗಂಟೆ ತಿರುಗಿದರೆ 600 ವ್ಯಾಟ್-ಅವರ್. 9 ವ್ಯಾಟಿನ ನಾಲ್ಕು ಬಲ್ಬು 5 ಗಂಟೆಗೆ 180. ಮಗನ ಜೊತೆ ವಿಡಿಯೊ ಕಾಲ್ ಮಾಡುವ ರೌಟರು ಹಗಲಿರುಳು ಉರಿದರೆ 240. ಫೋನುಗಳಿಗೆ 50. ಒಟ್ಟು 1,070. ಇನ್ವರ್ಟರು ತಾನೂ ಒಂದಿಷ್ಟು ತಿನ್ನುತ್ತದೆ, ಅದನ್ನು ಹಿಡಿದರೆ 1,250ರ ಹತ್ತಿರ. ಅವರ ಬಳಿ ಇರುವ ಬ್ಯಾಟರಿ 12.8 ವೋಲ್ಟು, 100 ಆಂಪಿಯರ್-ಅವರ್, ಗುಣಿಸಿದರೆ 1,280. ತಳ ಕೆರೆಯುವ ತನಕ ಬಳಸಬಾರದು, ಐದರಲ್ಲೊಂದು ಪಾಲು ಉಳಿಸುವುದು ಒಳ್ಳೆಯದು. ಹಾಗೆ ನೋಡಿದರೆ ಬೆಳಗಿನ ಜಾವಕ್ಕೆ ಸಾಲುವುದಿಲ್ಲ. ಎರಡಿದ್ದರೆ 2,560. ರಾತ್ರಿಗೆ ಅರ್ಧ ಖರ್ಚಾಗುತ್ತದೆ, ಅರ್ಧ ಉಳಿಯುತ್ತದೆ, ಅರ್ಧಕ್ಕೇ ನಿಲ್ಲಿಸಿದ ಬ್ಯಾಟರಿ ಹೆಚ್ಚು ವರ್ಷವೂ ಬಾಳುತ್ತದೆ. ಮಗನ ಅಂದಾಜು ಸರಿಯಾಗಿಯೇ ಇದೆ.

ಸಮಾಂತರವಾಗಿ ಕೂಡಿಸುವುದು ಎಂದರೆ ಇಷ್ಟೇ: ವೋಲ್ಟೇಜು ಇದ್ದಷ್ಟೇ ಇರುತ್ತದೆ, ಆಂಪಿಯರ್-ಅವರ್ ಕೂಡಿಕೊಳ್ಳುತ್ತದೆ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕಟ್ಟುವ ಸರಣಿ ಜೋಡಣೆಯಲ್ಲಿ ವೋಲ್ಟೇಜು ಏರುತ್ತದೆ; 12ರ ಇನ್ವರ್ಟರಿಗೆ 24 ಕೊಟ್ಟರೆ ಅದು ಅಲ್ಲೇ ಸುಟ್ಟೀತು. ಮಾಸ್ತರಿಗೆ ಇಷ್ಟು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಮಟ್ಟದ ವಿಷಯ.

"ಮಾಸ್ತರ್ರೇ, ಗಂಗಾವಳಿ ದಂಡೆಯ ಗಜನಿ ನೆನಪು ಮಾಡ್ಕೊಳಿ" ಅಂದೆ. ಗಜನಿ ಎಂದರೆ ಹೊಳೆಯಂಚಿನ ಉಪ್ಪುನೀರಿನ ತಗ್ಗು ಗದ್ದೆ. ಪಕ್ಕಪಕ್ಕದ ಎರಡು ಗಜನಿ, ನಡುವೆ ಒಡ್ಡು, ಒಡ್ಡಿನಲ್ಲಿ ನೀರು ತಡೆಯುವ ಜಂತ್ರಡಿ ಬಾಗಿಲು. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿದ್ದಾಗ ಬಾಗಿಲು ಎತ್ತಿದರೆ ಏನೂ ಆಗುವುದಿಲ್ಲ. ಎರಡೂ ಸೇರಿ ಒಂದು ದೊಡ್ಡ ಗಜನಿ ಆಗುತ್ತದೆ. ಒಂದು ಕಡೆ ತುಂಬಿ, ಇನ್ನೊಂದು ಕಡೆ ತಗ್ಗಿದ್ದಾಗ ಎತ್ತಿದರೆ? ನೀರು ಬಾಗಿಲನ್ನೇ ಕಿತ್ತುಕೊಂಡು ನುಗ್ಗುತ್ತದೆ. ವೋಲ್ಟೇಜು ಎಂದರೆ ಆ ನೀರಿನ ಮಟ್ಟ. ತುಂಬಿದ ಬ್ಯಾಟರಿ 13.4 ವೋಲ್ಟಿನಲ್ಲಿ, ಅರೆಬರೆ ಖಾಲಿಯಾದದ್ದು 13.0ದಲ್ಲಿ ಇದೆ ಎನ್ನಿ. ವ್ಯತ್ಯಾಸ ಬರೀ 0.4. ಆದರೆ ಎರಡು ಬ್ಯಾಟರಿಗಳ ಒಳರೋಧ, ನಡುವಿನ ದಪ್ಪ ತಂತಿ ಎಲ್ಲ ಸೇರಿದರೂ ಒಂದು ಓಮಿನ ನೂರರಲ್ಲೊಂದು ಪಾಲು ಆಗಬಹುದು. 0.4ನ್ನು ಅದರಿಂದ ಭಾಗಿಸಿ. 40 ಆಂಪಿಯರ್. ಮನೆಯ ಒಂದು ಬಲ್ಬೂ ಉರಿಯುವ ಮೊದಲೇ ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ 40 ಆಂಪಿಯರ್ ನುಗ್ಗುತ್ತದೆ, ಕೂಡಿಸುವ ಕೈಯ ಹತ್ತಿರವೇ ಕಿಡಿ ಹಾರುತ್ತದೆ. ವ್ಯತ್ಯಾಸ ಇನ್ನೂ ದೊಡ್ಡದಾದರೆ ತಂತಿ ಕಾಯುತ್ತದೆ, ಇಲ್ಲವೇ ಒಳಗಿನ ಕಾವಲು ಸರ್ಕಿಟ್ಟು ಬಾಗಿಲು ಹಾಕಿಕೊಳ್ಳುತ್ತದೆ.

"ಹಂಗಾರೆ ಮೀಟ್ರು ಹಚ್ಚಿ ನೋಡ್ದ್ರೆ ಆಯ್ತಲ್ಲ? ಎರಡೂ ಒಂದೇ ತೋರ್ಸ್ದಾಗ ಕಟ್ಟೂದು."

ಇಲ್ಲಿಯೇ ಈ ಬ್ಯಾಟರಿಯೊಳಗಿನ ಲೀಥಿಯಂ ಐರನ್ ಫಾಸ್ಫೇಟಿನ ಸ್ವಭಾವವನ್ನು ತಿಳಿದುಕೊಳ್ಳಬೇಕು. ಹಳೆಯ ಟ್ಯೂಬುಲರ್ ಬ್ಯಾಟರಿ ಇಳಿಯುವಾಗ ಮೀಟರಿನಲ್ಲಿ ಕಾಣಿಸುತ್ತದೆ: ತುಂಬಿದಾಗ 12.7, ಅರ್ಧವಾದಾಗ 12.2. ಲೀಥಿಯಂ ಹಾಗಲ್ಲ. 13.3ರಿಂದ 13.0ರ ನಡುವಿನ ಆ ಮೂರು ಹತ್ತನೇ ಪಾಲಿನಲ್ಲಿ ಅರ್ಧದಷ್ಟು ಚಾರ್ಜು ಅಡಗಿದೆ. ಗಜನಿಯೂ ಅಗಲವಾಗಿ, ಚಪ್ಪಟೆಯಾಗಿ ಹರಡಿರುತ್ತದೆ. ಎರಡು ಬೆರಳು ನೀರು ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಹೊಳೆಗೆ ಹೋದ ನೀರು ಎಷ್ಟೋ! ಅಗ್ಗದ ಮೀಟರೊಂದು ಎರಡೂ ಬ್ಯಾಟರಿಗೆ 13.2 ಎಂದೇ ತೋರಿಸಬಹುದು. ಒಂದರಲ್ಲಿ ಮುಕ್ಕಾಲು, ಇನ್ನೊಂದರಲ್ಲಿ ಅರ್ಧಕ್ಕಿಂತ ಕಡಿಮೆ ಇರಬಹುದು. ಹಾಗಾಗಿ ಮಧ್ಯದಲ್ಲಿ ಅಳೆದು ಸಮ ಎಂದು ನಂಬುವಂತಿಲ್ಲ. ಸಮ ಎಂದು ಖಾತ್ರಿಯಾಗಿ ಹೇಳಬಹುದಾದ ಜಾಗ ತುದಿ ಮಾತ್ರ, ಎಂದರೆ ಪೂರ್ತಿ ತುಂಬಿದಾಗ.

ಅದಕ್ಕಾಗಿ ಮಾಡಬೇಕಾದ್ದು ಇದು. ಎರಡು ಬ್ಯಾಟರಿಗಳನ್ನೂ ಬೇರೆಬೇರೆಯಾಗಿ, ಒಂದೇ ಚಾರ್ಜರಿನಲ್ಲಿ, ಲೀಥಿಯಂ ಸೆಟ್ಟಿಂಗಿನಲ್ಲಿ ಪೂರ್ತಿ ತುಂಬಿಸಬೇಕು. ವೋಲ್ಟೇಜು 14.4ರ ಹತ್ತಿರ ಬಂದು, ಒಳಗೆ ಹೋಗುವ ಕರೆಂಟು ತಾನಾಗಿಯೇ ಕುಸಿಯುವ ತನಕ ಬಿಡಬೇಕು. ಆಮೇಲೆ ಚಾರ್ಜರ್ ಬಿಡಿಸಿ ರಾತ್ರಿಯಿಡೀ ಸುಮ್ಮನೆ ಇಡಬೇಕು. ಬೆಳಿಗ್ಗೆ ಒಳ್ಳೆಯ ಮೀಟರಿನಲ್ಲಿ ಅಳೆದರೆ ವ್ಯತ್ಯಾಸ 0.05 ವೋಲ್ಟಿನೊಳಗೆ ಇರಬೇಕು. ಇದ್ದರೆ ಎರಡನ್ನೂ ತಮ್ಮತಮ್ಮೊಳಗೆ ಕೂಡಿಸಿ, ಇನ್ವರ್ಟರಿಗೆ ಕೊಡದೆ ಮತ್ತೆ ಕೆಲವು ಗಂಟೆ ಬಿಡಬೇಕು. ಉಳಿದ ಸಣ್ಣ ಅಂತರವನ್ನು ಅವೇ ಸರಿಮಾಡಿಕೊಳ್ಳುತ್ತವೆ. ಬ್ಯಾಟರಿ ಕೂಡಿಸಲು ಕಾರವಾರದಿಂದ ಬರುವ ಹುಡುಗ ಗಾಡಿಯಿಂದ ಇಳಿದು, ಪೆಟ್ಟಿಗೆ ಒಡೆದು, ಚಾ ಆರುವುದರೊಳಗೆ ತಂತಿ ಕಟ್ಟಿ ಹೋದರೆ ಈ ಕೆಲಸ ಆಗಿಲ್ಲ ಎಂದೇ ಲೆಕ್ಕ. ಅವನಿಗೆ ಆ ದಿನ ಇನ್ನೂ ನಾಲ್ಕು ಮನೆ ಇರುತ್ತದೆ, ಪಾಪ. ಕಾಯುವುದಕ್ಕೆ ಪುರುಸೊತ್ತು ಇರುವುದು ಮನೆಯವರಿಗೆ. ಅದಕ್ಕೇ ಇದನ್ನು ಮನೆಯವರೇ ಕಲಿಯಬೇಕು ಎನ್ನುತ್ತೇನೆ.

ಇನ್ನೊಂದು ಸಂಗತಿ ಮಾಸ್ತರಿಗೆ ಬಹಳ ಹಿಡಿಸಿತು. ನಾವು ಒಂದು ಎಂದು ಕರೆಯುವ ಬ್ಯಾಟರಿಯೊಳಗೇ ಇರುವುದು ಹಲವು. 3.2 ವೋಲ್ಟಿನ ಕೋಶಗಳನ್ನು ನಾಲ್ಕು ಸರಣಿಯಲ್ಲಿಟ್ಟರೆ 12.8. ಪಂಚಾಯತಿಯ ಸೌರ ಬೀದಿದೀಪ ಬಿಚ್ಚಿ ನೋಡಿದರೆ ಹೆಬ್ಬೆರಳಿಗಿಂತ ದಪ್ಪನೆಯ ಉರುಳೆ ಕೋಶಗಳು ಸಾಲುಸಾಲಾಗಿ ಕಾಣುತ್ತವೆ. 6 ಆಂಪಿಯರ್-ಅವರ್‌ನ ಐದನ್ನು ಸಮಾಂತರ ಕೂಡಿಸಿ 30 ಮಾಡಿರುತ್ತಾರೆ. ಸಮಾಂತರ ಎಂಬುದು ಕಾರ್ಖಾನೆಯಲ್ಲೇ ಶುರುವಾಗಿದೆ. ಆದರೆ ಅಲ್ಲಿ ಪ್ರತಿ ಕೋಶವನ್ನೂ ಯಂತ್ರದಲ್ಲಿ ತುಂಬಿಸಿ, ಖಾಲಿ ಮಾಡಿ, ಧಾರಣೆ ಎಷ್ಟು, ಒಳರೋಧ ಎಷ್ಟು ಎಂದು ಅಳೆದು, ಸಮನಾದವನ್ನು ಮಾತ್ರ ಒಂದು ಗುಂಪಿಗೆ ಹಾಕುತ್ತಾರೆ. ಅವರು ಒಳಗೆ ಪಾಲಿಸಿದ ನಿಯಮವನ್ನು ನಾವು ಹೊರಗೆ ಪಾಲಿಸದಿದ್ದರೆ ಅವರ ಶ್ರಮ ಹಾಳು.

ಈ ಫಾಸ್ಫೇಟ್ ರಸಾಯನ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. 1997ರ ಆ ಲೇಖನಕ್ಕೆ ಹೆಸರು ಹಾಕಿದವರು ಮೂವರು: ಪಾಢಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಎನಫ್. ಗುಡ್‌ಎನಫ್ ಅವರಿಗೆ ಲೀಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ನೊಬೆಲ್ ಬಂತು. ನಂಜುಂಡಸ್ವಾಮಿ ಎಂಬ ಹೆಸರು ಕೇಳಿ ಅಕ್ಕೋರು ಹೊರಗೇ ಬಂದರು. ಕಬ್ಬಿಣ ಮತ್ತು ಫಾಸ್ಫೇಟಿನ ಈ ಜೋಡಿ ಕಾವೇರಿದರೂ ಆಮ್ಲಜನಕವನ್ನು ಸುಲಭದಲ್ಲಿ ಬಿಡುವುದಿಲ್ಲ. ಆದ್ದರಿಂದ ಮೊಬೈಲಿನ ಬ್ಯಾಟರಿಯಷ್ಟು ಬೇಗ ಬೆಂಕಿ ಹಿಡಿಯುವುದಿಲ್ಲ. ಮನೆಯೊಳಗೆ ಇಡುವ ಧೈರ್ಯ ಬರುವುದು ಇದರಿಂದಲೇ. ಮಂಡ್ಯದ ಮರಳಗಾಲದಲ್ಲಿ ಲೀಥಿಯಂ ಸಿಕ್ಕಿದೆಯಂತಲ್ಲ ಎಂದು ಮಾಸ್ತರು ಕೇಳಿದರು. 2021ರಲ್ಲಿ 1,600 ಟನ್ ಎಂದು ಅಂದಾಜು ಹೇಳಿದ್ದಾರೆ; ನೆಲದಿಂದ ತೆಗೆದು ಬ್ಯಾಟರಿ ಮಾಡುವ ದಾರಿ ಇನ್ನೂ ದೂರದ್ದು.

ಈಗ ಜಗಲಿಯ ಟ್ಯೂಬುಲರ್. ಅದನ್ನೂ ಸೇರಿಸೋಣ ಎಂಬ ಆಸೆ ಮಾಸ್ತರೊಬ್ಬರದೇ ಅಲ್ಲ. ಅಂಕೋಲೆಯಲ್ಲಿ ಹೊಸ ಲೀಥಿಯಂ ತಂದ ಹೆಚ್ಚಿನವರು ಕೇಳುವುದು ಇದನ್ನೇ. ದುಡ್ಡು ಕೊಟ್ಟು ತಂದದ್ದನ್ನು ಎಸೆಯುವ ಮನಸ್ಸು ಯಾರಿಗೂ ಬಾರದು. ಆದರೆ ಅದನ್ನು ಸೇರಿಸಲೇಬಾರದು. ಟ್ಯೂಬುಲರ್ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.7, ಲೀಥಿಯಂ 13.2ರ ಮೇಲೆ. ಕೂಡಿಸಿದ ಕ್ಷಣದಿಂದ ಲೀಥಿಯಂ ತನ್ನದನ್ನು ಹಳೆಯದಕ್ಕೆ ಸುರಿಯುತ್ತಲೇ ಇರುತ್ತದೆ, ಹಳೆಯದು ಅದನ್ನು ಸುಮ್ಮನೆ ಹಾಳುಮಾಡುತ್ತದೆ. ಟ್ಯೂಬುಲರಿಗೆ ಆಗಾಗ 15 ವೋಲ್ಟಿನ ಮೇಲೆ ಏರಿಸಿ ಕೊಡುವ ಚಾರ್ಜು ಬೇಕು, ಲೀಥಿಯಂಗೆ ಅದು ವಿಷ. ಟ್ಯೂಬುಲರನ್ನು ಅದರದೇ ಹಳೆಯ ಇನ್ವರ್ಟರಿನಲ್ಲಿ ಎರಡು ಬಲ್ಬಿಗೆ ಬೇರೆ ಇಟ್ಟುಕೊಳ್ಳಿ, ಅದರ ಆಯುಷ್ಯ ಅದು ಕಳೆಯಲಿ ಎಂದೆ.

ಹಳೆಯ ಲೀಥಿಯಂಗೆ ಹೊಸ ಲೀಥಿಯಂ? ಅದು ಕೂಡದ್ದೇನಲ್ಲ. ಅದೇ ಕಂಪನಿ, ಅದೇ ಮಾದರಿ, ಅದೇ 100 ಆಂಪಿಯರ್-ಅವರ್ ಆದರೆ ಉತ್ತಮ. ಬಹುಪಾಲು ತಯಾರಕರು ತಮ್ಮ 12 ವೋಲ್ಟಿನವನ್ನು ನಾಲ್ಕರ ತನಕ ಸಮಾಂತರ ಕೂಡಿಸಬಹುದು ಎಂದು ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಆ ಸಾಲು ಇಲ್ಲದ ಬ್ಯಾಟರಿಯನ್ನು ಕೂಡಿಸುವುದೇ ಬೇಡ. ಅಗ್ಗಕ್ಕೆ ಸಿಕ್ಕಿತೆಂದು ಮಗ ಬೇರೆ ಹೆಸರಿನ 150ರದ್ದನ್ನು ಕಳಿಸಿದರೆ ಕಷ್ಟ. ಎರಡರ ಕಾವಲು ಸರ್ಕಿಟ್ಟು, ಅಂದರೆ ಬಿಎಂಎಸ್, ಬೇರೆಬೇರೆ ಹೊತ್ತಿಗೆ ಬಾಗಿಲು ಹಾಕುತ್ತದೆ. ಹಾಗಾದಾಗ ಏನಾಗುತ್ತದೆ ನೋಡಿ. ಎರಡೂ ಸೇರಿ 120 ಆಂಪಿಯರ್ ಕೊಡುತ್ತಿವೆ, ಪಾಲಿಗೆ 60. ಒಂದರ ಬಿಎಂಎಸ್ ಯಾವುದೋ ಕಾರಣಕ್ಕೆ ಬಿಟ್ಟುಕೊಟ್ಟಿತು. ಆ ಕ್ಷಣ ಪೂರ್ತಿ 120 ಇನ್ನೊಂದರ ತಲೆಗೆ. ಅದರ ಮಿತಿ 100. ಅದೂ ಬಿಟ್ಟಿತು. ಎರಡು ಬ್ಯಾಟರಿ ಇದ್ದೂ ಮನೆ ಕತ್ತಲೆ. ಅದಕ್ಕೇ 100ರ ಎರಡು ಕೂಡಿಸಿದರೆ 200 ಎಳೆಯಬಹುದೆಂದು ನಂಬಿ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಬಾವಿಯ ಪಂಪು ಎಲ್ಲವನ್ನೂ ಹಚ್ಚಬಾರದು. ಸಾಮರ್ಥ್ಯ ಕೂಡಿತೆಂದರೆ ಹೆಚ್ಚು ಹೊತ್ತು ನಡೆಯಿತೆಂದು ತಿಳಿಯಬೇಕು. ಹೆಚ್ಚು ಭಾರ ಹೊರಬೇಕೆಂದಿದ್ದರೆ, ಹೊಸದಾಗಿ ಕಟ್ಟುವವರಿಗೆ ನಾನು 24 ಅಥವಾ 48 ವೋಲ್ಟಿನ ವ್ಯವಸ್ಥೆಯನ್ನೇ ಹೇಳುತ್ತೇನೆ. ಸಾವಿರ ವ್ಯಾಟಿಗೆ 12ರಲ್ಲಿ ಸುಮಾರು 90 ಆಂಪಿಯರ್ ಹರಿದರೆ 48ರಲ್ಲಿ 22 ಸಾಕು. ಕರೆಂಟು ಕಾಲುಭಾಗವಾದರೆ ಅದೇ ತಂತಿಯಲ್ಲಿ ಕಾವು ಹದಿನಾರರಲ್ಲೊಂದು ಪಾಲಾಗುತ್ತದೆ. ಮಾಸ್ತರ ಇನ್ವರ್ಟರು 12ರದ್ದು, ಇದ್ದದ್ದರಲ್ಲಿ ಸರಿಮಾಡಿಕೊಳ್ಳಬೇಕು.

ತಂತಿಯ ಮಾತು ಬಂದಾಗ ನಾನು ದಣಪೆ ದಾಟಿ ಅವರ ಅಂಗಳಕ್ಕೇ ಹೋದೆ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಸ್ತರ ಕಡ್ಡಿಯಲ್ಲೇ ಮಣ್ಣಿನ ಮೇಲೆ ಬರೆದು ತೋರಿಸಿದೆ. ಎರಡು ಬ್ಯಾಟರಿ ಪಕ್ಕಪಕ್ಕ. ಹೆಚ್ಚಿನವರು ಇನ್ವರ್ಟರಿನ ಎರಡೂ ತಂತಿಗಳನ್ನು ಹತ್ತಿರದ ಬ್ಯಾಟರಿಗೇ ಹಚ್ಚಿ, ಅಲ್ಲಿಂದ ತುಂಡು ತಂತಿಯಲ್ಲಿ ಎರಡನೆಯದಕ್ಕೆ ಎಳೆಯುತ್ತಾರೆ. ಹಾಗೆ ಮಾಡಿದರೆ ಎರಡನೆಯದರ ಕರೆಂಟು ಹೆಚ್ಚು ದೂರ ನಡೆಯಬೇಕು. ರೋಧ ಒಂದಿಷ್ಟು ಹೆಚ್ಚು, ಪಾಲು ಒಂದಿಷ್ಟು ಕಡಿಮೆ. ಹತ್ತಿರದ್ದು ಯಾವಾಗಲೂ ಹೆಚ್ಚು ದುಡಿಯುತ್ತದೆ, ಬೇಗ ಸವೆಯುತ್ತದೆ. ಎರಡರಲ್ಲಿ ಇದು ಅಷ್ಟು ಕಾಣದು, ನಾಲ್ಕರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಪರಿಹಾರ ಸುಲಭದ್ದು, ಒಂದು ರೂಪಾಯಿಯೂ ಖರ್ಚಿಲ್ಲ: ಪ್ಲಸ್ಸನ್ನು ಮೊದಲ ಬ್ಯಾಟರಿಯಿಂದ, ಮೈನಸ್ಸನ್ನು ಕೊನೆಯದರಿಂದ ತೆಗೆಯಬೇಕು. ಮೂಲೆಯಿಂದ ಮೂಲೆಗೆ. ಆಗ ಎರಡರ ದಾರಿಯೂ ಸಮ. ಮೂರು ನಾಲ್ಕು ಇದ್ದರೆ ತಾಮ್ರದ ಬಸ್‌ಬಾರ್ ಹಾಕಿ, ಪ್ರತಿ ಬ್ಯಾಟರಿಯಿಂದ ಒಂದೇ ಉದ್ದದ, ಒಂದೇ ದಪ್ಪದ ತಂತಿ ಅದಕ್ಕೆ ತರಬೇಕು. ಹತ್ತಿರದ್ದಕ್ಕೆ ಉದ್ದ ಹೆಚ್ಚಾಯಿತೆಂದು ಕತ್ತರಿಸಬಾರದು, ಸುತ್ತಿ ಇಡಬೇಕು.

ತಂತಿ 25 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ್ದಾಗಬೇಕು. ಅದಕ್ಕಿಂತ ಹೆಚ್ಚು ಹೇಳಬೇಕಾದ್ದು ತುದಿಯ ಲಗ್ಗಿನ ಬಗ್ಗೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ಗು ಮೊದಲ ದಿನ ಗಟ್ಟಿಯಾಗಿಯೇ ಇರುತ್ತದೆ. ಆದರೆ ಇದು ಕಡಲ ದಂಡೆ. ಬೈತಖೋಲದಿಂದ ಬೆಳಂಬಾರದ ತನಕ ಗಾಳಿಯಲ್ಲೇ ಉಪ್ಪು. ಸಡಿಲ ಇದ್ದಲ್ಲಿ ಉಪ್ಪಿನ ಪಸೆ ಹೊಕ್ಕು ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದಲ್ಲಿ ರೋಧ ಏರುತ್ತದೆ, ರೋಧ ಏರಿದಲ್ಲಿ ಕಾವು ಹುಟ್ಟುತ್ತದೆ, ಮತ್ತು ಇಷ್ಟು ಹೊತ್ತು ಸಮಮಾಡಿದ ದಾರಿ ಮತ್ತೆ ಅಸಮವಾಗುತ್ತದೆ. ತವರ ಲೇಪಿಸಿದ ಲಗ್ಗು, ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿದ್ದು, ಮೇಲೆ ಹೀಟ್‌ಶ್ರಿಂಕ್ ಕೊಳವೆ, ಬೋಲ್ಟು ಬಿಗಿದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಭಾರ ಓಡುತ್ತಿರುವಾಗ ಲಗ್ಗುಗಳ ಹೊರಗಿನ ಪ್ಲಾಸ್ಟಿಕ್ಕನ್ನು ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಬೇಕು. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಎನಿಸಿದರೆ ದೋಷ ಅಲ್ಲೇ.

ಫ್ಯೂಸಿನ ಬಗ್ಗೆ ಜನ ಮಾಡುವ ಉಳಿತಾಯ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾವಿರಾರು ರೂಪಾಯಿಯ ಬ್ಯಾಟರಿ ಕೊಂಡವರು ಕೆಲವು ನೂರರ ಫ್ಯೂಸು ಬಿಡುತ್ತಾರೆ. ಒಳಗೆ ಬಿಎಂಎಸ್ ಇದೆಯಲ್ಲ ಎನ್ನುತ್ತಾರೆ. ಬಿಎಂಎಸ್ ಎಲೆಕ್ಟ್ರಾನಿಕ್ ಸ್ವಿಚ್ಚು. ಕೆಟ್ಟಾಗ ಅದು ತೆರೆದ ಸ್ಥಿತಿಯಲ್ಲೇ ಕೆಡಬೇಕೆಂದೇನೂ ಇಲ್ಲ, ಮುಚ್ಚಿದ ಸ್ಥಿತಿಯಲ್ಲೂ ಅಂಟಿಕೊಳ್ಳಬಹುದು. ನೂರರಲ್ಲೊಂದು ಓಮಿನ ರೋಧಕ್ಕೆ 13 ವೋಲ್ಟು ಅಡ್ಡ ಬಿದ್ದರೆ 1,300 ಆಂಪಿಯರ್. ಸ್ಪ್ಯಾನರು ಬೆಸುಗೆಯಾಗಿ ಅಂಟಿಕೊಳ್ಳುವಷ್ಟು. ಸಮಾಂತರದಲ್ಲಿ ಅಪಾಯ ಇನ್ನೂ ಒಂದು ತೂಕ ಹೆಚ್ಚು: ಒಂದು ಬ್ಯಾಟರಿಯೊಳಗೆ ದೋಷ ಹುಟ್ಟಿದರೆ ಉಳಿದವೆಲ್ಲ ತಮ್ಮಲ್ಲಿರುವುದನ್ನು ಅದಕ್ಕೇ ಸುರಿಯುತ್ತವೆ. ಇನ್ವರ್ಟರಿನ ಹತ್ತಿರ ಇರುವ ಒಂದು ಫ್ಯೂಸು ಅದನ್ನು ತಡೆಯಲಾರದು, ಆ ಹರಿವು ಅದರ ಮೂಲಕ ಹಾಯುವುದೇ ಇಲ್ಲ. ಹಾಗಾಗಿ ಪ್ರತಿ ಬ್ಯಾಟರಿಗೂ ಅದರ ಪ್ಲಸ್ಸಿಗೆ ಆದಷ್ಟು ಸಮೀಪ ಅದರದೇ ಫ್ಯೂಸು ಬೇಕು. ಇವರ ಬ್ಯಾಟರಿಗೆ 125 ಆಂಪಿಯರ್‌ನದು, ಡಿಸಿಗೆಂದೇ ಮಾಡಿದ್ದು.

"ನಮ್ಮ ಮೀಟರ್ ಬೋರ್ಡಿನ ಎಂಸಿಬಿ ಒಂದು ಉಳ್ದದೆ, ಅದು ನಡೀತದಾ?" ಎಂದರು ಮಾಸ್ತರು. ನಡೆಯುವುದಿಲ್ಲ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಸ್ವಿಚ್ಚು ತೆರೆದಾಗ ಹುಟ್ಟಿದ ಕಿಡಿ ಆ ಸೊನ್ನೆಯಲ್ಲಿ ಆರುತ್ತದೆ. ಬ್ಯಾಟರಿಯ ಡಿಸಿಗೆ ಸೊನ್ನೆಯೇ ಇಲ್ಲ. ಕಿಡಿ ಎಳೆದುಕೊಂಡೇ ಉರಿಯುತ್ತದೆ, ಎಸಿಯ ಎಂಸಿಬಿಯನ್ನು ಒಳಗೇ ಕರಗಿಸಬಹುದು. ಡಿಸಿ ಎಂದು ಬರೆದ ಬ್ರೇಕರನ್ನೇ ತರಬೇಕು, ಅದರಲ್ಲೂ ಕೆಲವಕ್ಕೆ ಪ್ಲಸ್ ಮೈನಸ್ ದಿಕ್ಕು ಇರುತ್ತದೆ, ನೋಡಿ ಹಾಕಬೇಕು.

ಇಡುವ ಜಾಗದ ಬಗ್ಗೆ ಅಕ್ಕೋರಿಗೇ ಹೆಚ್ಚು ತಿಳಿದಿತ್ತು. ಅಡುಗೆಮನೆಯಲ್ಲಿ ಗ್ಯಾಸಿನ ಹತ್ತಿರ ಬೇಡ, ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತದೆ, ಅಲ್ಲೂ ಬೇಡ ಎಂದು ಅವರೇ ಹೇಳಿದರು. 45 ಡಿಗ್ರಿ ದಾಟಿದರೆ ಚಾರ್ಜು ಮಾಡುವುದು ಲೀಥಿಯಂಗೆ ಒಳ್ಳೆಯದಲ್ಲ. ನೆಲದ ಮೇಲೂ ಬೇಡ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದಾಗ, ಅದೇ ವಾರ ಕದ್ರಾದ ನೀರು ಕಾಳಿಯ ದಂಡೆಯ ಊರುಗಳಿಗೆ ನುಗ್ಗಿದಾಗ ಜಗಲಿಯ ತನಕ ನೀರು ಬಂದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಗೋಡೆಯ ಮೇಲೆ ಆ ವರ್ಷದ ನೀರಿನ ಗೆರೆ ಇದ್ದರೆ ಅದಕ್ಕಿಂತ ಒಂದು ಗೇಣು ಮೇಲೆ ಕಬ್ಬಿಣದ ಸ್ಟ್ಯಾಂಡು ಕೂರಿಸಿ, ಎರಡರ ನಡುವೆ ಗಾಳಿ ಆಡಲು ಎಡೆ ಬಿಟ್ಟು, ಹಲ್ಲಿ ಇರುವೆ ಹೋಗದಂತೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಬೇಕು.

ಕೊನೆಗೆ ಉಳಿದದ್ದು ಪ್ಯಾನೆಲ್. ಬ್ಯಾಟರಿ ಎರಡಾದರೂ ಬಿಸಿಲು ಹಿಡಿಯುವ ಹಲಗೆ ಒಂದೇ. ಫೆಬ್ರುವರಿಯಲ್ಲಿ 540 ವ್ಯಾಟು ದಿನಕ್ಕೆ ಸುಮಾರು ಎರಡು ಯೂನಿಟ್ ಕೊಡುತ್ತದೆ, ಒಂದು ರಾತ್ರಿಯ ಖರ್ಚು ತುಂಬಿಕೊಂಡು ಮಿಗುತ್ತದೆ. ಜುಲೈಯಲ್ಲಿ ಮೋಡ ಕವಿದು ಕೂತ ದಿನ ಅದರ ಕಾಲುಪಾಲೂ ಬಾರದೆ ಹೋಗಬಹುದು. ಸಾಲದ್ದಕ್ಕೆ ಅವರ ಮಾಡಿನ ನೈಋತ್ಯಕ್ಕೆ ಒಂದು ಕರಿ ಇಶಾಡು ಮಾವಿನ ಮರ ಇದೆ. ಮೂರು ಗಂಟೆಯ ಮೇಲೆ ಅದರ ಒಂದು ಕೊಂಬೆಯ ನೆರಳು ಪ್ಯಾನೆಲಿನ ಮೂಲೆಗೆ ಬೀಳುತ್ತದೆ. ಪ್ಯಾನೆಲಿನೊಳಗೆ ಕೋಶಗಳು ಸರಣಿಯಲ್ಲಿವೆ. ಮೂಲೆಯ ಒಂದು ಕೋಶಕ್ಕೆ ನೆರಳಾದರೆ ಪ್ಯಾನೆಲಿನ ಮೂರನೇ ಒಂದು ಪಾಲಿನ ತನಕ ಕೈಬಿಡಬಹುದು. ಕೊಂಬೆ ಕಡಿಸಿಬಿಡಲೇ ಎಂದರು ಮಾಸ್ತರು. ಬೇಡ ಎಂದು ನಾನೂ ಅಕ್ಕೋರೂ ಒಟ್ಟಿಗೇ ಅಂದೆವು. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಹಣ್ಣು, ನಮ್ಮ ನೆಲದ ಹೆಸರು ಹೊತ್ತದ್ದು. ಪ್ಯಾನೆಲನ್ನು ಮಾಡಿನ ಪೂರ್ವದ ತುದಿಗೆ ನಾಲ್ಕು ಮಾರು ಸರಿಸಿದರೆ ಮುಗಿಯುವ ಕೆಲಸಕ್ಕೆ ಮರಕ್ಕೇಕೆ ಕೊಡಲಿ?

ಮಗನಿಗೆ ಹೇಳಬೇಕಾದ್ದನ್ನು ಮಾಸ್ತರು ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಂಡರು: ಹಳೆಯ ಬ್ಯಾಟರಿಯ ಮಾದರಿ ಸಂಖ್ಯೆಯ ಫೋಟೊ, ಅದೇ ಕಂಪನಿ, 125ರ ಡಿಸಿ ಫ್ಯೂಸು ಎರಡು, 25ರ ತಂತಿ ಸಮ ಉದ್ದದ್ದು, ತವರದ ಲಗ್ಗು ಎಂಟು. ಕ್ರಿಂಪರು ಕಾರವಾರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸುವ ಕೆಲಸ ನನ್ನದು.

"ಆಯ್ತು, ಇದೆಲ್ಲ ಮಾಡ್ದೆವು. ಜುಲೈ ತಿಂಗಳಲ್ಲಿ ಬಿಸಿಲೇ ಬರದಿದ್ರೆ ಎರಡು ಖಾಲಿ ಡಬ್ಬಿ ಇಟ್ಕೊಂಡು ಎಂತ ಮಾಡೂದು?" ಅಕ್ಕೋರ ಪ್ರಶ್ನೆ ನ್ಯಾಯವಾದದ್ದು. ಇನ್ವರ್ಟರಿನ ಸೆಟ್ಟಿಂಗಿನಲ್ಲಿ ಚಾರ್ಜಿಗೆ ಮೊದಲು ಯಾರು ಎಂದು ಕೇಳುವ ಒಂದು ಸಾಲು ಇರುತ್ತದೆ: ಬಿಸಿಲೋ, ಕಂಬದ ಕರೆಂಟೋ. ಮಿರ್ಗದ ಮಳೆ ಹಿಡಿಯುತ್ತಿದ್ದಂತೆ ಅದನ್ನು ಕಂಬಕ್ಕೆ ತಿರುಗಿಸಬೇಕು. ಕರೆಂಟು ಇದ್ದಷ್ಟು ಹೊತ್ತು ಎರಡೂ ತುಂಬಿಕೊಂಡಿರುತ್ತವೆ, ಹೋದಾಗ ಒಂದೂವರೆ ರಾತ್ರಿ ನಿಶ್ಚಿಂತೆ. ದೀಪಾವಳಿಯ ಹೊತ್ತಿಗೆ ಆಕಾಶ ತಿಳಿಯಾದ ಮೇಲೆ ಮತ್ತೆ ಬಿಸಿಲಿಗೆ ಹಾಕಿದರಾಯಿತು. ಆ ಗುಂಡಿಗಳನ್ನು ಒತ್ತುವ ಕ್ರಮವನ್ನು ಅಕ್ಕೋರಿಗೇ ಕಲಿಸಿಕೊಡುತ್ತೇನೆ ಅಂದೆ. ಮಾಸ್ತರು ಕನ್ನಡಕ ಹುಡುಕುವುದರೊಳಗೆ ಅವರು ಮಾಡಿ ಮುಗಿಸುತ್ತಾರೆ.